ಕೆಮ್ಮದ ಶೆಟ್ಟರು

ಬಾಳೆಹೊನ್ನೂರಿನ ಕಡೆ ನನ್ನ ಮಾವನವರು ದಿನಸಿ ತರುತ್ತಿದ್ದ ಅಂಗಡಿಯ ಶೆಟ್ಟರಿಗೆ ಒಂದು ಕೆಮ್ಮು ಇತ್ತು. ಕಾಯಿಲೆಯ ಕೆಮ್ಮಲ್ಲ, ಲೆಕ್ಕದ ಕೆಮ್ಮು. ಮಾವನವರ ಹೆಸರಿನ ಉದ್ದನೆಯ ಪುಸ್ತಕದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಎಣ್ಣೆ ಎಂದು ಬರೆಯುತ್ತ ಬರೆಯುತ್ತ, ಬಾಕಿ ಹದ ಮೀರಿತು ಎಂದು ಕಂಡ ದಿನ ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಬಾಯಲ್ಲಿದ್ದ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, ಒಮ್ಮೆ ಕೆಮ್ಮುತ್ತಿದ್ದರು. ಅಷ್ಟೇ. ಮಾವನವರು ಅಂದು ಗೋಡಂಬಿ ಬಿಟ್ಟು ಬರುತ್ತಿದ್ದರು. ಎರಡು ಸಲ ಕೆಮ್ಮಿದರೆ ಮನೆಗೆ ಬಂದು ಅಟ್ಟದ ಮೇಲೆ ಕಾಳುಮೆಣಸು ಎಷ್ಟು ಮೂಟೆ ಉಳಿದಿದೆ ಎಂದು ಎಣಿಸುತ್ತಿದ್ದರು. ಮೂರು ಸಲ ಕೆಮ್ಮಿದ್ದು ಒಂದೇ ಬಾರಿ, 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದಾಗ. ಆ ವರ್ಷ ಮನೆಯಲ್ಲಿ ಸಕ್ಕರೆಯ ಡಬ್ಬಿಗೂ ಬೀಗ ಬಿದ್ದಿತ್ತೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಕಾಫಿ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮಾರಿ, ದುಡ್ಡು ಕೈಗೆ ಬಂದ ಮೇಲೆ ಮಾವನವರು ಹೋಗಿ ಪುಸ್ತಕ ಚುಕ್ತಾ ಮಾಡಿ ಬರುತ್ತಿದ್ದರು. ಶೆಟ್ಟರು ಪುಟಕ್ಕೆ ಅಡ್ಡಗೆರೆ ಎಳೆದು, ಎಲೆ ಅಡಿಕೆ ಕೊಟ್ಟು, ಮರುದಿನದಿಂದ ಹೊಸ ಪುಟ ತೆರೆಯುತ್ತಿದ್ದರು. ನನ್ನ ಕೈಗೆ ಮೊದಲ ಕ್ರೆಡಿಟ್ ಕಾರ್ಡ್ ಬಂದಾಗ, ಇದು ಅದೇ ಪುಸ್ತಕ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದಾರೆ ಎಂದುಕೊಂಡೆ. ಕೆಮ್ಮಿನ ವಿಷಯ ನನಗೆ ಹೊಳೆಯಲಿಲ್ಲ.

ಚಿಕ್ಕಮಗಳೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುವ ಮೇಷ್ಟರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಪಾಸ್‌ಬುಕ್ ಮುದ್ರಿಸಿಕೊಳ್ಳಲೆಂದು ಬ್ಯಾಂಕಿಗೆ ಹೋಗಿದ್ದ ದಿನ, ಟೈ ಕಟ್ಟಿದ ಹುಡುಗನೊಬ್ಬ ಕುರ್ಚಿ ಎಳೆದು ಕೂರಿಸಿ, “ಸರ್, ನಾನು ನಿಮ್ಮ ಶಿಷ್ಯ” ಎಂದ. ಗುರುತು ಸಿಕ್ಕಿತು. ಗಣಿತದಲ್ಲಿ ಇವನನ್ನು ದಡ ಸೇರಿಸಲು ನಾನು ಹಂತಗಳಿಗೆಲ್ಲ ಅರ್ಧರ್ಧ ಅಂಕ ಕೊಟ್ಟಿದ್ದೆ. ಅವನು ಈಗ ನನಗೆ ಬಡ್ಡಿಯ ಪಾಠ ಶುರು ಮಾಡಿದ.

“ಲೈಫ್‌ಟೈಮ್ ಫ್ರೀ, ಸರ್. ವಾರ್ಷಿಕ ಶುಲ್ಕವೇ ಇಲ್ಲ.”

“ಬಡ್ಡಿ?”

“ಐವತ್ತು ದಿನದವರೆಗೆ ಬಡ್ಡಿಯೇ ಇಲ್ಲ, ಸರ್.”

ಐವತ್ತೊಂದನೆಯ ದಿನ ಏನಾಗುತ್ತದೆ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅವನ ಮೇಜಿನ ಪಕ್ಕದಲ್ಲಿ ಚಕ್ರಗಳಿದ್ದ ನೀಲಿ ಸೂಟ್‌ಕೇಸ್ ಇತ್ತು. ಅರ್ಜಿ ತುಂಬಿದವರಿಗೆ ಉಚಿತವಂತೆ. ಆ ಸೂಟ್‌ಕೇಸಿನ ಎಡಗಾಲಿನ ಚಕ್ರ ಮೊದಲ ಪ್ರಯಾಣದಲ್ಲೇ ಕಡೂರು ರೈಲು ನಿಲ್ದಾಣದಲ್ಲಿ ಕಳಚಿ ಹಳಿಯ ಕಡೆ ಉರುಳಿಹೋಯಿತು. ಅದನ್ನು ಶಕುನ ಎಂದು ತಿಳಿಯುವಷ್ಟು ಬುದ್ಧಿ ನನ್ನ ಹೆಂಡತಿಗಿತ್ತು, ನನಗಿರಲಿಲ್ಲ.

ಕಾರ್ಡಿನ ಜೊತೆಗೆ ಗುಪ್ತ ಸಂಖ್ಯೆಯನ್ನು ನಾವೇ ಆರಿಸಿಕೊಳ್ಳಬೇಕಿತ್ತು. ಹುಟ್ಟಿದ ವರ್ಷ ಬೇಡ, ಸ್ಕೂಟರ್ ಸಂಖ್ಯೆ ಬೇಡ, ಇಡೀ ಬೀದಿಗೆ ಗೊತ್ತಿದೆ ಎಂದಳು ಹೆಂಡತಿ. ಗಣಿತದ ಮೇಷ್ಟರಿಗೆ ತಕ್ಕದ್ದು ಇರಲೆಂದು ನಾನು ‘ಪೈ’ಯ ಬೆಲೆಯನ್ನು ಇಟ್ಟುಕೊಂಡೆ. ಮೂರು, ಬಿಂದು, ಒಂದು ನಾಲ್ಕು ಒಂದು ಐದು ಒಂಬತ್ತು. ಇದನ್ನು ಮರೆಯುವವರು ಯಾರು? ಪೆಟ್ರೋಲ್ ಬಂಕಿನಲ್ಲಿ ಹುಡುಗ ಯಂತ್ರವನ್ನು ಮುಂದೆ ಹಿಡಿದಾಗ ತಿಳಿಯಿತು. ನಾಲ್ಕೇ ಅಂಕಿ ಬೇಕು. ನಾನು ಇಟ್ಟಿದ್ದು 3141ನ್ನೋ, ಮಕ್ಕಳಿಗೆ ಹೇಳಿಕೊಡುವಂತೆ ಮುಂದಿನ ಅಂಕಿಗೆ ಸರಿಹೊಂದಿಸಿ 3142ನ್ನೋ? ಮೊದಲನೆಯದನ್ನು ಒತ್ತಿದೆ, ತಪ್ಪು. ಎರಡನೆಯದೂ ತಪ್ಪು. ಹಿಂದಿದ್ದ ಜೀಪಿನವರು ಹಾರ್ನ್ ಬಾರಿಸಿದರು. ಗಾಬರಿಯಲ್ಲಿ 22ರ ಮೇಲೆ 7 ಎಂಬುದನ್ನೂ ಪ್ರಯತ್ನಿಸಿದೆ. ಮೂರು ತಪ್ಪಿಗೆ ಕಾರ್ಡ್ ಬಾಗಿಲು ಹಾಕಿಕೊಂಡಿತು. ಆ ದಿನ ನನ್ನ ಟ್ಯಾಂಕ್ ತುಂಬಿಸಿದ್ದು ಹೆಂಡತಿಯ ಪರ್ಸಿನ ಮೂಲೆಯಲ್ಲಿದ್ದ ಮಡಚಿದ ನೋಟುಗಳು. (ಸಂಖ್ಯೆಯನ್ನು ಆಮೇಲೆ ಬದಲಾಯಿಸಿದ್ದೇನೆ. ತ್ರಿಕೋನಮಿತಿಯಲ್ಲೂ ಹುಡುಕಬೇಡಿ, ಸಿಗುವುದಿಲ್ಲ.)

ಆದರೆ ಇವೆಲ್ಲ ಚಿಲ್ಲರೆ ಅವಮಾನಗಳು. ದೊಡ್ಡದು ಸದ್ದಿಲ್ಲದೆ ಬಂತು.

ಮೊದಲ ದೊಡ್ಡ ಬಿಲ್ಲು 42,000 ರೂಪಾಯಿ. ಫ್ರಿಜ್‌ಗೆ 31,500, ಮಗಳ ಹಾಸ್ಟೆಲಿನ ಹಾಸಿಗೆ ಹೊದಿಕೆಗೆ 6,800, ಉಳಿದ 3,700 ನನ್ನ ಬೂಟುಗಳಿಗೆ. ಬೂಟಿನ ಬೆಲೆ ಕೇಳಿದವರಿಗೆಲ್ಲ ನಾನು ಅರ್ಧ ಹೇಳಿದ್ದೆ. ಬಿಲ್ಲಿನಲ್ಲಿ ಎರಡು ಚೌಕಗಳಿದ್ದವು. ಒಂದರಲ್ಲಿ ಒಟ್ಟು ಬಾಕಿ, ಇನ್ನೊಂದರಲ್ಲಿ ಈ ತಿಂಗಳು ಕಟ್ಟಬೇಕಾದ ಕನಿಷ್ಠ ಮೊತ್ತ, 2,100. ಎರಡನೆಯ ಚೌಕವನ್ನು ನೋಡಿ ನನಗೆ ಬ್ಯಾಂಕಿನ ಮೇಲೆ ಪ್ರೀತಿಯೇ ಉಕ್ಕಿತು. ನಲವತ್ತೆರಡು ಸಾವಿರ ಕೊಡಬೇಕಾದವನಿಂದ ಎರಡು ಸಾವಿರ ಸಾಕು ಎನ್ನುವ ದೊಡ್ಡ ಮನಸ್ಸು! ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡೆ. ಸಮಾಜವಿಜ್ಞಾನದ ಮೇಡಂ, “ಹಾಗಾದರೆ ನಾನೂ ಒಂದು ಮಾಡಿಸಲಾ ಸರ್?” ಎಂದು ಕೇಳಿದರು. ಧಾರಾಳವಾಗಿ ಎಂದೆ. ದೇವರ ದಯೆ, ಅವರು ನನ್ನ ಮಾತು ಕೇಳುವವರಲ್ಲ.

ನಾಲ್ಕು ತಿಂಗಳು ಹೀಗೆ ಕಟ್ಟಿದೆ. ಮೂರನೆಯ ತಿಂಗಳಲ್ಲಿ ಬ್ಯಾಂಕಿನಿಂದ ಒಂದು ಸಂದೇಶ ಬಂತು: ಅಭಿನಂದನೆಗಳು, ನಿಮ್ಮ ಸಾಲದ ಮಿತಿಯನ್ನು 60,000ದಿಂದ ಒಂದು ಲಕ್ಷಕ್ಕೆ ಏರಿಸಲು ಅರ್ಹರಾಗಿದ್ದೀರಿ, ಒಪ್ಪಿಗೆಯಿದ್ದರೆ ಇಲ್ಲಿ ಒತ್ತಿ. ಒತ್ತಿದೆ. ಇಷ್ಟು ವರ್ಷ ಪಾಠ ಮಾಡಿದರೂ ಇಲಾಖೆಯಿಂದ ನನಗೆ ಒಂದು ಅಭಿನಂದನೆಯ ಪತ್ರ ಬಂದಿರಲಿಲ್ಲ. ಈಗ ಯೋಚಿಸಿದರೆ, ಅದೇ ಜಾಗದಲ್ಲಿ ಶೆಟ್ಟರಿದ್ದಿದ್ದರೆ ಮೂರು ಸಲ ಕೆಮ್ಮಿರುತ್ತಿದ್ದರು.

ಐದನೆಯ ತಿಂಗಳು ಎಂಟನೆಯ ತರಗತಿಗೆ ಚಕ್ರಬಡ್ಡಿಯ ಪಾಠ ಬಂತು. ಅಸಲು, ದರ, ಅವಧಿ ಎಲ್ಲವನ್ನೂ ಹಲಗೆಯ ಮೇಲೆ ಬರೆದು, ಬಡ್ಡಿಯ ಮೇಲೆ ಬಡ್ಡಿ ಹೇಗೆ ಮರಿ ಹಾಕುತ್ತದೆ ಎಂದು ನನಗೇ ಖುಷಿಯಾಗುವಂತೆ ವಿವರಿಸಿದೆ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ.

“ಸರ್, ನಿಜವಾಗಿ ಯಾರಾದರೂ ಹೀಗೆ ಬಡ್ಡಿ ಕಟ್ಟುತ್ತಾರಾ?”

“ಲೆಕ್ಕ ಬರದವರು ಕಟ್ಟುತ್ತಾರಪ್ಪ. ಅದಕ್ಕೇ ಗಣಿತ ಕಲಿಯಬೇಕು” ಎಂದೆ. ತರಗತಿ ನಕ್ಕಿತು. ಗಂಟೆ ಹೊಡೆಯಿತು. ಸ್ಟಾಫ್ ರೂಮಿಗೆ ಬಂದು ಟೀ ಕುಡಿಯುತ್ತ, ಏನೋ ಅನುಮಾನ ಬಂದು ಮೊಬೈಲಿನಲ್ಲಿ ಬಿಲ್ಲು ತೆರೆದೆ.

ನಾಲ್ಕು ಕಂತಿನಲ್ಲಿ ನಾನು ಕಟ್ಟಿದ್ದು ಎಂಟು ಸಾವಿರ ಚಿಲ್ಲರೆ. ಆ ಹಳೆಯ ಸಾಲ ಇಳಿದಿದ್ದು ಎರಡು ಸಾವಿರದ ಆಸುಪಾಸು. ತಿಂಗಳಿಗೆ ಶೇಕಡಾ 3.5ರಂತೆ ನಲವತ್ತು ಸಾವಿರಕ್ಕೆ ಬಡ್ಡಿ 1,400. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 252. ಅಂದರೆ ನಾನು ತಿಂಗಳು ತಿಂಗಳು ಹೆಮ್ಮೆಯಿಂದ ಕಟ್ಟುತ್ತಿದ್ದ ಎರಡು ಸಾವಿರದಲ್ಲಿ ಅಸಲಿಗೆ ಹೋಗುತ್ತಿದ್ದುದು ನಾನೂರು ಐನೂರು. ತಿಂಗಳಿಗೆ 3.5 ಎಂದರೆ ಕಿವಿಗೆ ಸಣ್ಣದು. ಹನ್ನೆರಡು ಪಟ್ಟು ಮಾಡಿದರೆ ವರ್ಷಕ್ಕೆ 42, ಚಕ್ರಬಡ್ಡಿಯಾಗಿ ಸುತ್ತಿದರೆ 51 ದಾಟುತ್ತದೆ. ಆ ಗಳಿಗೆಯಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಮಗಳ ಮದುವೆಗೆಂದು ನಾನು ಇಟ್ಟಿದ್ದ ನಿಶ್ಚಿತ ಠೇವಣಿ ಶೇಕಡಾ 7ರಂತೆ ಬೆಳೆಯುತ್ತಿತ್ತು. ಏಳು ಕೈಯಿಂದ ತೆಗೆದುಕೊಂಡು ನಲವತ್ತೆರಡು ಕೈಯಿಂದ ಕೊಡುವ ಈ ವ್ಯವಹಾರವನ್ನು ಪರೀಕ್ಷೆಯಲ್ಲಿ ಯಾವ ಹುಡುಗ ಬರೆದಿದ್ದರೂ ಪೋಷಕರನ್ನು ಕರೆಸುತ್ತಿದ್ದೆ.

ಇನ್ನೂ ಒಂದು ಹುಳುಕಿತ್ತು. ಹಳೆಯ ಬಾಕಿ ಉಳಿದಿರುವವರೆಗೆ ಹೊಸದಾಗಿ ಕೊಂಡದ್ದಕ್ಕೆ ಆ ಐವತ್ತು ದಿನದ ವಿನಾಯಿತಿ ಇಲ್ಲ. ಕೊಂಡ ದಿನದಿಂದಲೇ ಬಡ್ಡಿ. ಈ ನಾಲ್ಕು ತಿಂಗಳು ಸೂಪರ್ ಮಾರ್ಕೆಟ್ಟಿನಿಂದ ತಂದ ಅಕ್ಕಿ, ಬೇಳೆ, ಸೋಪು ಎಲ್ಲವೂ ನಲವತ್ತೆರಡರ ದರದಲ್ಲಿ ಮನೆಗೆ ಬಂದಿದ್ದವು. ನಾನು ತಂದ ಕೊತ್ತಂಬರಿ ಸೊಪ್ಪು ಬಾಡುವ ಮೊದಲೇ ಅದರ ಮೇಲಿನ ಬಡ್ಡಿ ಚಿಗುರಿತ್ತು. ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತ ಹೋದರೆ ಸಾಲ ತೀರಲು ತಿಂಗಳುಗಳು, ವರ್ಷಗಳು ಹಿಡಿಯುತ್ತವೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಕಟ್ಟಪ್ಪಣೆ ಮಾಡಿದೆ. ಹಾಕಿದ್ದರು ಕೂಡ. ನಾನು ಎರಡನೆಯ ಚೌಕದ ಆಚೆಗೆ ಓದಿರಲಿಲ್ಲ.

ಠೇವಣಿ ಮುರಿದು ಸಾಲ ತೀರಿಸಿದೆ. ಹೆಂಡತಿಗೆ ಹೇಳುವಾಗ ಫ್ರಿಜ್ ಹಿಂದೆ ನಿಂತು ಹೇಳಿದೆ. ಅವಳು ಏನೂ ಅನ್ನಲಿಲ್ಲ. “ಬೂಟು ಎಷ್ಟಕ್ಕೆ ಅಂದಿದ್ದಿರಿ?” ಎಂದು ಮಾತ್ರ ಕೇಳಿದಳು.

ಈ ಕಥೆಯನ್ನು ಕೇಳಿ ಮಾವನವರು ನನ್ನನ್ನು ಬೈಯಲಿಲ್ಲ. ಅವರಿಗೆ ಕುತೂಹಲ ಹುಟ್ಟಿದ್ದು ಐವತ್ತು ದಿನದ ಮೇಲೆ. ನನ್ನ ಕಾರ್ಡಿನ ಬಿಲ್ಲು ತಿಂಗಳ 15ಕ್ಕೆ ತಯಾರಾಗುತ್ತದೆ, ಕಟ್ಟಲು ಸುಮಾರು ಇಪ್ಪತ್ತು ದಿನ ಸಮಯ ಎಂದೆ. “ಹಾಗಾದರೆ 14ಕ್ಕೆ ಕೊಂಡವನಿಗೆ ಮೂರು ವಾರ, 16ಕ್ಕೆ ಕೊಂಡವನಿಗೆ ಏಳು ವಾರ” ಎಂದರು ತಕ್ಷಣ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಹತ್ತು ದಿನ ಹಿಂದೆ ಮುಂದೆ ಆದರೆ ಬೆಳೆಯ ಗತಿಯೇನು ಎಂದು ಅರವತ್ತು ವರ್ಷ ಆಕಾಶ ನೋಡಿದವರಿಗೆ ಇದು ದೊಡ್ಡ ಲೆಕ್ಕವಲ್ಲ. ನನಗೆ ಅರ್ಥವಾಗಲು ಠೇವಣಿ ಮುರಿಯಬೇಕಾಯಿತು. ಬಿಲ್ಲಿನ ಮರುದಿನ ಕೊಂಡು, ಗಡುವಿನ ಒಳಗೆ ಪೂರ್ತಿ ಕಟ್ಟುವವನಿಗೆ ಬ್ಯಾಂಕ್ ಪುಕ್ಕಟೆ ಸಾಲ ಕೊಡುತ್ತದೆ. ಆ ಪುಕ್ಕಟೆಯ ಖರ್ಚನ್ನು ನನ್ನಂಥ ಮೇಷ್ಟರು ಭರಿಸುತ್ತಾರೆ.

ಬುದ್ಧಿ ಬಂತು ಎಂದುಕೊಂಡೆ. ಬಂದಿರಲಿಲ್ಲ. ಮಾವನವರ ಮನೆಯವರೆಲ್ಲ ಸೇರಿ ಹೊರನಾಡಿಗೆ ಹೊರಟೆವು. ಕಳಸದಲ್ಲಿ ಕೈಯಲ್ಲಿ ನಗದಿಲ್ಲವೆಂದು ಎಟಿಎಂಗೆ ನುಗ್ಗಿ, ಡೆಬಿಟ್ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಕ್ರೆಡಿಟ್ ಕಾರ್ಡ್ ಹಾಕಿ ಐದು ಸಾವಿರ ಎಳೆದೆ. ಐವತ್ತು ದಿನದ ಮಾತು ಸಾಮಾನಿಗೆ ಮಾತ್ರ, ನಗದಿಗೆ ಎಳೆದ ದಿನದಿಂದಲೇ ಬಡ್ಡಿ. ಜೊತೆಗೆ ಎಳೆದದ್ದಕ್ಕೆ ಶುಲ್ಕ 500, ಅದಕ್ಕೆ ತೆರಿಗೆ 90. ಬಂದವರಿಗೆಲ್ಲ ಉಚಿತವಾಗಿ ಊಟ ಬಡಿಸುವ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪಾಯಸದ ಜೊತೆ ನಾನು ಉಂಡದ್ದು 590 ರೂಪಾಯಿಯ ಊಟ. ಹುಂಡಿಗೆ ಹಾಕಿದ್ದು ನೂರೊಂದು.

ಮಾವನವರ ತೋಟದ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ತಂತಿಯ ಮೂಲಕ ಬರುವ ಇಂಟರ್ನೆಟ್ ಇದೆ, ಅದು ಮಳೆ ಇಲ್ಲದಾಗ ಕೆಲಸ ಮಾಡುತ್ತದೆ. ಮೊಬೈಲಿನ ಸಿಗ್ನಲ್ ಬೇಕಾದರೆ ಕಣದ ಆಚೆ, ಏರಿನ ಮೇಲಿರುವ ಹಲಸಿನ ಮರದ ಬುಡಕ್ಕೆ ಹೋಗಬೇಕು. ಮರಕ್ಕೆ ಒಂದು ಮೊಳೆ ಹೊಡೆದು, ಮನೆಗೆ ಬಂದ ನೆಂಟರ ಮೊಬೈಲುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಲ್ಲಿ ತೂಗುಹಾಕುವುದು ವಾಡಿಕೆ. ಹಬ್ಬದ ದಿನ ಆ ಮರ ಫಲ ಬಿಟ್ಟಂತೆ ಕಾಣುತ್ತದೆ.

ಮಾವನವರಿಗೆ ಕಳೆ ತೆಗೆಯುವ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಡುತ್ತೇನೆ ಎಂದು ಜಂಬದಿಂದ ಕುಳಿತೆ. ಜಗುಲಿಯಲ್ಲಿ ಕುಳಿತು ಹೆಂಡತಿಯ ಮೊಬೈಲಿನಲ್ಲಿ ಕಾರ್ಡಿನ ವಿವರ ತುಂಬಿದೆ. ಒಟಿಪಿ ಬರುವುದು ನನ್ನ ಮೊಬೈಲಿಗೆ. ಅದು ಹಲಸಿನ ಮರದಲ್ಲಿ. ಮರದ ಕೆಳಗೆ ಭಾವಮೈದುನನ ಮಗಳನ್ನು ನಿಲ್ಲಿಸಿದೆ. ಏಳನೆಯ ತರಗತಿಯ ಹುಡುಗಿ, ಗಟ್ಟಿಯಾಗಿ ಓದುವ ಸ್ಪರ್ಧೆಯಲ್ಲಿ ತಾಲ್ಲೂಕಿಗೆ ಮೊದಲು ಬಂದವಳು.

“ಬಂತು ಮಾವ!”

“ಓದು!”

ಅವಳು ಕೊರಳು ಸರಿಪಡಿಸಿಕೊಂಡು ಓದತೊಡಗಿದಳು. ಇಂಗ್ಲಿಷಿನ ಸಂದೇಶವನ್ನು ಒಂದು ವಾಕ್ಯ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಮುಂದಿನ ವಾಕ್ಯ. ಪ್ರಿಯ ಗ್ರಾಹಕರೇ. ಇಂಥ ಅಂಗಡಿಯಲ್ಲಿ. ಇಷ್ಟು ರೂಪಾಯಿಗಳ ಪಾವತಿಗಾಗಿ. ನಿಮ್ಮ ಇಂಥ ಕೊನೆಯ ನಾಲ್ಕು ಅಂಕಿಗಳ ಕಾರ್ಡಿಗೆ. “ಅಂಕಿ ಮಾತ್ರ ಹೇಳೇ!” ಎಂದು ನಾನು ಜಗುಲಿಯಿಂದ ಕೂಗಿದೆ. “ಮಧ್ಯದಿಂದ ಓದಬಾರದು ಅಂತ ನಮ್ಮ ಮಿಸ್ ಹೇಳಿದ್ದಾರೆ, ಮಾವ!” ಎಂದು ಅವಳು ಮರದಿಂದ ಕೂಗಿದಳು. ಅಂಕಿಗಳಿಗೆ ಬರುವ ಹೊತ್ತಿಗೆ ಸಮಯ ಮೀರಿತ್ತು. ಎರಡನೆಯ ಸಲ ಗಾಳಿ ಬೀಸಿ ನಾಲ್ಕೋ ಏಳೋ ತಿಳಿಯಲಿಲ್ಲ. ಮೂರನೆಯ ಸಲಕ್ಕೆ ತೋಟದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕೈ ಬಿಟ್ಟು ಏರಿನ ಮೇಲೆ ನಿಂತಿದ್ದರು. ಅವಳು ಹೇಳಿದ ಒಂದೊಂದು ಅಂಕಿಯನ್ನು ಅವರು ಸಾಲಾಗಿ ನಿಂತು ಜಗುಲಿಯವರೆಗೆ ದಾಟಿಸಿದರು, ಬೆಂಕಿ ಬಿದ್ದಾಗ ನೀರಿನ ಕೊಡ ದಾಟಿಸಿದಂತೆ. “ಇದನ್ನು ಯಾರಿಗೂ ಹೇಳಬೇಡಿ” ಎಂಬ ಕೊನೆಯ ಸಾಲನ್ನೂ ಹಾಗೆಯೇ ದಾಟಿಸಿದರು. ಯಂತ್ರ ಬಂತು. ಹುಡುಗಿಯನ್ನು ಆ ರಾತ್ರಿ ನಾನು ಸ್ವಲ್ಪ ಗದರಿದೆ. ಎಲ್ಲವನ್ನೂ ಓದಬೇಕಾಗಿಲ್ಲ, ಬೇಕಾದ್ದನ್ನು ಹೆಕ್ಕಿಕೊಳ್ಳುವುದೇ ಬುದ್ಧಿವಂತಿಕೆ ಎಂದು.

ಮುಂದಿನ ರಜೆಯಲ್ಲಿ ಮತ್ತೆ ಅದೇ ಮರದ ಕೆಳಗೆ ನಿಂತಿದ್ದೆ. ಕರೆ ಬಂತು. ಒಳ್ಳೆಯ ಕನ್ನಡ, ನನ್ನ ಹೆಸರು ಗೊತ್ತು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಗೊತ್ತು. “ಸರ್, ಕಾರ್ಡ್ ವಿಭಾಗದಿಂದ ಮಾತನಾಡುತ್ತಿದ್ದೇವೆ. ನಿಮ್ಮ 9,320 ರಿವಾರ್ಡ್ ಪಾಯಿಂಟುಗಳು ಇವತ್ತು ರಾತ್ರಿ ಹನ್ನೆರಡಕ್ಕೆ ರದ್ದಾಗುತ್ತವೆ. ನಗದಾಗಿ ಮಾಡಿಕೊಡಲೇ?” ಅಷ್ಟು ಹಣ ಬಡ್ಡಿ ಕಟ್ಟಿದವನಿಗೆ ಬ್ಯಾಂಕ್ ಏನಾದರೂ ವಾಪಸು ಕೊಡುತ್ತದೆ ಎಂಬುದು ನ್ಯಾಯವೆಂದೇ ತೋರಿತು. ಕಾರ್ಡಿನ ಪೂರ್ತಿ ಸಂಖ್ಯೆ ಕೇಳಿದ. ಕಾರ್ಡ್ ಜೇಬಿನಲ್ಲಿತ್ತು, ಕನ್ನಡಕ ಜಗುಲಿಯಲ್ಲಿತ್ತು. ಪೇರಲೆ ಹಣ್ಣು ತಿನ್ನುತ್ತ ನಿಂತಿದ್ದ ಹುಡುಗಿಯ ಕೈಗೆ ಕಾರ್ಡ್ ಕೊಟ್ಟು, ಮೊಬೈಲನ್ನು ಸ್ಪೀಕರಿಗೆ ಹಾಕಿದೆ. ಅವಳು ಮುಂದಿನ ಹದಿನಾರು ಅಂಕಿ ಓದಿದಳು, ಅವಧಿ ಓದಿದಳು, ತಿರುಗಿಸಿ ಬೆನ್ನಿನ ಮೂರು ಅಂಕಿ ಓದಿದಳು. ಅಲ್ಲಿಗೆ ನಿಲ್ಲಿಸದೆ, ಈ ಕಾರ್ಡ್ ಸಿಕ್ಕಿದವರು ದಯವಿಟ್ಟು ಬ್ಯಾಂಕಿಗೆ ಹಿಂದಿರುಗಿಸಬೇಕು ಎಂಬುದನ್ನೂ ಓದಿದಳು. ಇಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಗಂಟೆ ಹೊಡೆಯಬೇಕಿತ್ತು. ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳಿಬಿಡುವುದು ಮೇಷ್ಟರ ಚಟ, ಏನು ಮಾಡುವುದು.

“ಈಗ ಒಂದು ಸಂದೇಶ ಬರುತ್ತದೆ, ಸರ್. ಅದರಲ್ಲಿರುವ ಆರು ಅಂಕಿ ಹೇಳಿದರೆ ಮುಗಿಯಿತು.”

ಬಂತು. ಹುಡುಗಿ ಕೊರಳು ಸರಿಪಡಿಸಿಕೊಂಡಳು. ಪ್ರಿಯ ಗ್ರಾಹಕರೇ.

“ಮಗು, ನಂಬರ್ ಮಾತ್ರ ಓದಮ್ಮ” ಎಂದ ಆತ.

“ಮಧ್ಯದಿಂದ ಓದಬಾರದು, ಅಂಕಲ್” ಎಂದಳು. ಮುಂದುವರಿಸಿದಳು. 18,640 ರೂಪಾಯಿಗಳ ಪಾವತಿಗಾಗಿ. ಅಲ್ಲಿಗೆ ನಿಂತಳು. ಪೇರಲೆಯನ್ನು ಬಾಯಿಂದ ತೆಗೆದಳು.

“ಮಾವ, ಪಾಯಿಂಟ್ ಬರುತ್ತದೆ ಎಂದಿರಲ್ಲ? ಇದರಲ್ಲಿ ದುಡ್ಡು ಹೋಗುತ್ತದೆ ಎಂದಿದೆ.”

ಸ್ಪೀಕರಿನಿಂದ ಒಳ್ಳೆಯ ಕನ್ನಡ ಮಾಯವಾಯಿತು. ಬೇಗ ಹೇಳಿ, ಸಮಯವಿಲ್ಲ, ಪಾಯಿಂಟ್ ರದ್ದಾದರೆ ನಾವು ಹೊಣೆಯಲ್ಲ ಎಂಬ ಗದರಿಕೆ ಶುರುವಾಯಿತು. ಇಪ್ಪತ್ತು ವರ್ಷ ಮಕ್ಕಳನ್ನು ಗದರಿದ ನನಗೆ, ಉತ್ತರ ತಪ್ಪಿದ್ದಾಗ ದನಿ ಏರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಕರೆ ಕತ್ತರಿಸಿದೆ. ಅಂಕಿಗಳು ಸಂದೇಶದ ಕೊನೆಯಲ್ಲಿದ್ದವು, ಅದು ನನ್ನ ಪುಣ್ಯ. ಆ ಆರು ಅಂಕಿ ನನ್ನ ಬಾಯಿಂದಲೇ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನನ್ನದೇ ಆಗುತ್ತಿತ್ತು. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಕಾರ್ಡಿನ ಹಿಂದೆ ಅಚ್ಚಾಗಿದ್ದ ಸಂಖ್ಯೆಗೆ ಅಲ್ಲೇ ಮರದ ಬುಡದಿಂದ ಕರೆ ಮಾಡಿ ಕಾರ್ಡನ್ನು ನಿಲ್ಲಿಸಿದೆ. ಆ ಸಂಖ್ಯೆಯನ್ನು ಓದಿ ಹೇಳಿದ್ದೂ ಅವಳೇ.

ಹಣ ಹೋಗಿಯೇ ಬಿಟ್ಟಿದ್ದರೆ ಮೊದಲು ಕರೆ ಮಾಡಬೇಕಾದದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಮ್ಮ ಜಿಲ್ಲೆಯವರು ಈ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್ ಎಂದು ಸಾಮಾನ್ಯವಾಗಿ ಹೇಳುತ್ತೇವಲ್ಲ, ಅದೇ. ಇದನ್ನು ಕಂಡುಹಿಡಿದದ್ದು ನಾನು. ‘ಪೈ’ಯ ಪ್ರಕರಣದ ನಂತರ ನನಗೆ ದೊರೆತ ಏಕೈಕ ಗಣಿತದ ಗೌರವ ಇದು, ಆದ್ದರಿಂದ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ದೈಹಿಕ ಶಿಕ್ಷಣದ ಮೇಷ್ಟರಿಗೆ ಆದದ್ದು ಇನ್ನೊಂದು ಬಗೆ. ರಾತ್ರಿ ಎರಡೂವರೆಗೆ ಅವರ ಮೊಬೈಲಿಗೆ ಡಾಲರಿನಲ್ಲಿ ಖರೀದಿಯಾದ ಸಂದೇಶ ಬಂತು, ಯಾವುದೋ ವಿದೇಶಿ ಆಟದ ತಾಣದಲ್ಲಿ. ಒಟಿಪಿಯೇ ಬರಲಿಲ್ಲ. ನಮ್ಮ ದೇಶದ ತಾಣಗಳಲ್ಲಿ ಅದಿಲ್ಲದೆ ಸಾಮಾನ್ಯವಾಗಿ ಹಣ ದಾಟುವುದಿಲ್ಲ, ಹೊರದೇಶದ ಎಷ್ಟೋ ತಾಣಗಳು ಅದನ್ನು ಕೇಳುವುದೇ ಇಲ್ಲ. 2020ರಿಂದ ಹೊಸ ಕಾರ್ಡುಗಳು ಬರುವಾಗ ವಿದೇಶಿ ಮತ್ತು ಆನ್‌ಲೈನ್ ವ್ಯವಹಾರ ಮುಚ್ಚಿಯೇ ಇರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ಇವರು ಆ್ಯಪಿನಲ್ಲಿದ್ದ ಗುಂಡಿಗಳನ್ನೆಲ್ಲ ಒತ್ತಿ ಹಸಿರು ಮಾಡಿದ್ದರು, ಹಸಿರು ಬಣ್ಣ ಕಣ್ಣಿಗೆ ತಂಪೆಂದು. ಆದರೆ ಮನುಷ್ಯ ಬೆಳಿಗ್ಗೆ ಐದಕ್ಕೇ ಏಳುವವರು. ಆರು ಗಂಟೆಗೆ ಬ್ಯಾಂಕಿಗೆ ದೂರು ಕೊಟ್ಟರು. ತಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂಬುದು 2017ರ ನಿಯಮ. ಹತ್ತು ಕೆಲಸದ ದಿನಗಳೊಳಗೆ ಅವರ ಹಣ ಖಾತೆಗೆ ಮರಳಿತು. ಶಾಲೆಗೆಲ್ಲ ಮೈಸೂರು ಪಾಕ್ ಹಂಚಿದರು. ಹೋಗದ ದುಡ್ಡಿಗೆ ನಾನು ಏನು ಹಂಚಲಿ?

ಈ ಎರಡು ಘಟನೆಗಳ ನಂತರ ನನ್ನ ಹೆಂಡತಿ ಆಡಳಿತವನ್ನು ಕೈಗೆ ತೆಗೆದುಕೊಂಡಳು. ರಾತ್ರಿ ಮಲಗುವ ಮೊದಲು ನಮ್ಮ ಮನೆಯಲ್ಲಿ ಮೂರು ಪ್ರಶ್ನೆಗಳು. ಹಿತ್ತಿಲ ಬಾಗಿಲು ಹಾಕಿದಿರಾ? ಗ್ಯಾಸ್ ಆರಿಸಿದಿರಾ? ಕಾರ್ಡ್ ಆರಿಸಿದಿರಾ? ನಾನು ಮೊಬೈಲ್ ತೆರೆದು ಗುಂಡಿಗಳನ್ನು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿಸಿ ಅವಳಿಗೆ ತೋರಿಸಬೇಕು. ವಿದೇಶ, ಆನ್‌ಲೈನ್, ತಾಗಿಸಿದರೆ ಹಣ ಹೋಗುವುದು. ಈ ಕೊನೆಯದರ ಮೇಲೆ ಅವಳಿಗೆ ವಿಶೇಷ ಕೋಪ. ಐದು ಸಾವಿರದವರೆಗೆ ಗುಪ್ತ ಸಂಖ್ಯೆಯೇ ಬೇಡ, ಯಂತ್ರಕ್ಕೆ ಮುಟ್ಟಿಸಿದರೆ ಸಾಕು ಎಂದು ಕೇಳಿದಾಗ, “ಬಸ್ಸಿನಲ್ಲಿ ಯಾರಿಗಾದರೂ ತಾಗಿದರೆ?” ಎಂದಳು. ಹಾಗೆಲ್ಲ ಆಗುವುದಿಲ್ಲ, ಯಂತ್ರದ ಹತ್ತಿರಕ್ಕೇ ತರಬೇಕು ಎಂದು ವಿವರಿಸಿದೆ. ಅವಳು ನನ್ನ ವಿವರಣೆಗಳನ್ನು ನಂಬುವುದನ್ನು ಬೂಟಿನ ದಿನವೇ ಬಿಟ್ಟಿದ್ದಳು.

ಕಳೆದ ವಾರ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗೆ ಹೋದೆವು. ತಾರೀಖು 16. ಐವತ್ತು ದಿನದ ಮೊದಲನೆಯ ದಿನ. ಒಂದು ಅಂಗಿ ಬೇಕಿತ್ತು, ಎರಡು ಆರಿಸಿದೆ. ಗಲ್ಲಾದಲ್ಲಿ ಹುಡುಗಿ ಯಂತ್ರವನ್ನು ಮುಂದೆ ಹಿಡಿದಳು. ಕಾರ್ಡ್ ತಾಗಿಸಿದೆ, ಒಪ್ಪಲಿಲ್ಲ. ಮತ್ತೆ ತಾಗಿಸಿದೆ. ಹಿಂದೆ ಸಾಲು ಬೆಳೆಯಿತು. ರಾತ್ರಿ ಆರಿಸಿದ್ದನ್ನು ಬೆಳಿಗ್ಗೆ ಹೊತ್ತಿಸಿರಲಿಲ್ಲ ಎಂದು ನೆನಪಾಯಿತು. ಮೊಬೈಲ್ ತೆರೆದು, ಕನ್ನಡಕ ಹುಡುಕಿ, ಗುಂಡಿಯ ಮೇಲೆ ಬೆರಳಿಟ್ಟು ಒತ್ತಬೇಕು ಎನ್ನುವಷ್ಟರಲ್ಲಿ, ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಹೆಂಡತಿ, ಬೀದಿಯ ಕಡೆ ನೋಡುತ್ತ, ಒಮ್ಮೆ ಕೆಮ್ಮಿದಳು.

ಗೆರೆಗಳಿದ್ದ ಅಂಗಿಯನ್ನು ವಾಪಸು ಕೊಟ್ಟೆ.